ತಲಶ್ಶೇರಿಯ ಬೋರ್ಮದಲ್ಲಿ ಬೆಂದ ಕ್ರಿಸ್ಮಸ್ ಕೇಕು

ತಲಶ್ಶೇರಿ: ಡಿಸೆಂಬರ್ ಬಂತೆಂದರೆ ಕಾಸರಗೋಡಿನಿಂದ ತಿರುವನಂತಪುರದ ತನಕ ಕೇರಳದ ಒಂದೊಂದು ಬೇಕರಿಯ ಮುಂದೆಯೂ ಕೇಕಿನ ರಾಶಿ. ಇಗರ್ಜಿಗೆ ಹೋಗುವವರು, ದೇವಸ್ಥಾನಕ್ಕೆ ಹೋಗುವವರು, ಮಸೀದಿಗೆ ಹೋಗುವವರು ಎಂಬ ಭೇದ ಅಲ್ಲಿಲ್ಲ. ಎಲ್ಲರ ಚೀಲದಲ್ಲೂ ಒಂದು ಪ್ಲಮ್ ಕೇಕಿನ ಪೆಟ್ಟಿಗೆ. ಈ ವಾಡಿಕೆಯ ಬೇರು ಹುಡುಕುತ್ತಾ ಹೊರಟರೆ ದಾರಿ ಬಂದು ನಿಲ್ಲುವುದು ಕಾಸರಗೋಡಿನಿಂದ ದಕ್ಷಿಣಕ್ಕೆ 100 ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ ತಲಶ್ಶೇರಿಯಲ್ಲಿ. ಕೊಡಗಿನವರ ಬಾಯಲ್ಲಿ ತಲಚೇರಿ, ಬ್ರಿಟಿಷರ ಕಾಗದಪತ್ರಗಳಲ್ಲಿ ಟೆಲಿಚೆರಿ ಆಗಿದ್ದ ಈ ಹಳೆಯ ಬಂದರು ಪೇಟೆಯಲ್ಲಿ 1880ರಲ್ಲಿ ಶುರುವಾದ ಒಂದು ಬೇಕರಿ ಇದೆ. ಹೆಸರು ಮಂಬಳ್ಳಿಯವರ ರಾಯಲ್ ಬಿಸ್ಕಿಟ್ ಫ್ಯಾಕ್ಟರಿ.

ಫ್ಯಾಕ್ಟರಿ ಎಂಬ ಹೆಸರು ಕೇಳಿ ದೊಡ್ಡ ಹೊಗೆಗೂಡು, ಗೇಟು, ಕಾವಲುಗಾರ ಇರಬಹುದು ಅಂತ ಅಂದುಕೊಂಡು ಹೋದವರಿಗೆ ಆಶ್ಚರ್ಯ ಕಾದಿರುತ್ತದೆ. ನಮ್ಮ ಊರಿನ ಪೇಟೆಗಳಲ್ಲಿ ಕಾಣುವಂಥ ಸಾಧಾರಣ ಅಂಗಡಿ ಅದು. ಚರಿತ್ರೆಯ ಪುಟ ಸೇರಿದ ಅಂಗಡಿ ಎಂಬ ಬಿಂಕ ಇಲ್ಲ. ಬಂದವರು ಬ್ರೆಡ್, ಬನ್, ರಸ್ಕ್, ಬಿಸ್ಕಿಟ್ ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. 140 ವರ್ಷ ದಾಟಿದ ಮೇಲೂ ಕಸುಬು ಅದೇ ಕುಟುಂಬದವರ ಕೈಯಲ್ಲಿದೆ.

ಬರ್ಮಾದಲ್ಲಿ ಕಲಿತ ವಿದ್ಯೆ

ಅಂಗಡಿ ತೆರೆದವರು ಮಂಬಳ್ಳಿ ಬಾಪು. ದುಡಿಮೆಗಾಗಿ ಬರ್ಮಾಕ್ಕೆ ಹೋಗಿದ್ದ ಅವರು ಅಲ್ಲಿ ಬಿಸ್ಕಿಟ್ ಮಾಡುವ ಕೆಲಸ ಕಲಿತು ಊರಿಗೆ ಮರಳಿದರು ಎನ್ನುತ್ತದೆ ಕುಟುಂಬದ ನೆನಪು. ಆ ಕಾಲಕ್ಕೆ ರಂಗೂನು ಬ್ರಿಟಿಷರ ಕೈಸೇರಿ ಹತ್ತಿರ ಹತ್ತಿರ 30 ವರ್ಷವಾಗಿತ್ತು. ಇತ್ತೀಚೆಗೆ ಗಲ್ಫಿಗೆ ಹೋದ ಹಾಗೆ ಅಂದು ಕರಾವಳಿಯವರು ಹಡಗು ಹತ್ತಿ ರಂಗೂನಿಗೆ ಹೋಗುತ್ತಿದ್ದರು. ಕೆಲವರು ದುಡ್ಡು ತಂದರು, ಕೆಲವರು ಬರಿಗೈಯಲ್ಲಿ ಬಂದರು. ಬಾಪು ತಂದದ್ದು ವಿದ್ಯೆಯನ್ನು.

ಬ್ರೆಡ್ಡು, ಬನ್ನು, ರಸ್ಕು ಸೇರಿ ಸುಮಾರು 40 ಬಗೆಯ ತಿಂಡಿಗಳನ್ನು ಬಾಪು ಮಾಡುತ್ತಿದ್ದರಂತೆ. ಅಕ್ಕಿಯನ್ನೇ ನಂಬಿದ ನೆಲ ಇದು. ಬೆಳಗ್ಗೆ ಪುಟ್ಟು, ದೋಸೆ, ರಾತ್ರಿ ಗಂಜಿ. ಇಂಥ ಊರಿನಲ್ಲಿ ಗೋಧಿ ಹಿಟ್ಟಿನ ತಿಂಡಿಗೆ ಅಂಗಡಿ ಹಾಕುವುದೆಂದರೆ ಧೈರ್ಯದ ಕೆಲಸವೇ ಸರಿ. ಆದರೆ ತಲಶ್ಶೇರಿ ಸಾಮಾನ್ಯ ಊರಾಗಿರಲಿಲ್ಲ. ಕಾಳುಮೆಣಸು, ಏಲಕ್ಕಿ, ದಾಲ್ಚಿನ್ನಿಯ ವ್ಯಾಪಾರಕ್ಕೆಂದು ಈಸ್ಟ್ ಇಂಡಿಯಾ ಕಂಪೆನಿ 1708ರಲ್ಲೇ ಇಲ್ಲಿ ಕೋಟೆ ಕಟ್ಟಿತ್ತು. ಕೊಡಗಿನ ಕಾಫಿ ಘಟ್ಟ ಇಳಿದು ಬಂದು ಹಡಗು ಹತ್ತುತ್ತಿದ್ದದ್ದು ಇಲ್ಲಿಂದಲೇ. ಕಚೇರಿ, ಕೋರ್ಟು, ತೋಟದ ದೊರೆಗಳು, ಪಾದ್ರಿಗಳು ಎಲ್ಲ ಇದ್ದ ಪೇಟೆ. ರೊಟ್ಟಿ ಬೇಕೆನ್ನುವ ಗಿರಾಕಿಗಳು ಇದ್ದರು.

ಬ್ರೌನ್ ದೊರೆ ತಂದ ಕೇಕಿನ ತುಂಡು

ಬೇಕರಿ ಹುಟ್ಟಿ ಮೂರು ವರ್ಷ ಆಗಿತ್ತು. 1883ರ ಕ್ರಿಸ್ಮಸ್ ಹತ್ತಿರ ಬರುತ್ತಿದ್ದ ದಿನಗಳು. ತಲಶ್ಶೇರಿಯ ಒಳನಾಡಿನ ಅಂಜರಕಂಡಿಯಲ್ಲಿ ದಾಲ್ಚಿನ್ನಿ ತೋಟ ನಡೆಸುತ್ತಿದ್ದ ಮರ್ಡಾಕ್ ಬ್ರೌನ್ ಎಂಬ ದೊರೆ ಬಾಪು ಅವರ ಅಂಗಡಿಗೆ ಬಂದ. ಕೈಯಲ್ಲಿ ಇಂಗ್ಲೆಂಡಿನಿಂದ ತಂದಿದ್ದ ಪ್ಲಮ್ ಕೇಕು. ಬಾಪು ಅವರಿಗೆ ಒಂದು ತುಂಡು ಕೊಟ್ಟು, ಇಂಥದ್ದೇ ಒಂದು ಮಾಡಿಕೊಡಲು ಆಗುತ್ತದಾ ಅಂತ ಕೇಳಿದ.

ಬಾಪು ಅದುವರೆಗೆ ಕೇಕು ಮಾಡಿದವರಲ್ಲ. ಮಾಡುವ ಕ್ರಮವನ್ನು ಬ್ರೌನ್ ಬಾಯಲ್ಲಿ ಹೇಳಿದ. ಒಣದ್ರಾಕ್ಷಿ, ಕೋಕೋ ಮುಂತಾದ ಕೆಲವು ಸಾಮಾನುಗಳನ್ನೂ ಕೊಟ್ಟ. ಸ್ವಲ್ಪ ಫ್ರೆಂಚ್ ಬ್ರಾಂಡಿ ಹಾಕಬೇಕು, ಅದನ್ನು ಪಕ್ಕದ ಮಾಹೆಯಿಂದ ತರಿಸಿಕೊಂಡರೆ ಆದೀತು ಅಂತಲೂ ಸೂಚಿಸಿದ. ಮಾಹೆ ಆಗ ಫ್ರೆಂಚರ ಊರು.

ಮುಂದೆ ನಡೆದದ್ದೇ ಈ ಕತೆಯ ಜೀವಾಳ. ಬಾಪು ಹೇಳಿದ್ದನ್ನಷ್ಟೇ ಮಾಡುವ ಆಳಾಗಿ ನಿಲ್ಲಲಿಲ್ಲ. ಕೇಕಿನ ಅಚ್ಚು ಇಲ್ಲದ್ದರಿಂದ ಹತ್ತಿರದ ಧರ್ಮಡಂನ ಕಮ್ಮಾರನಿಂದ ಅಚ್ಚು ಹೊಡೆಸಿದರು. ಮಲಬಾರಿನ ಸಾಂಬಾರ ಪದಾರ್ಥಗಳನ್ನು ತಾವೇ ಆರಿಸಿದರು. ಬ್ರಾಂಡಿಯ ಬದಲಿಗೆ ಗೇರುಹಣ್ಣು ಮತ್ತು ಕದಳಿ ಬಾಳೆಹಣ್ಣಿನಿಂದ ಇಳಿಸಿದ ಊರಿನ ಮದ್ಯವನ್ನೇ ಸೇರಿಸಿದರು. ಗೇರು ತೋಟ ಇರುವ ಕಾಸರಗೋಡಿನವರಿಗೆ ಇಲ್ಲೊಂದು ಸೂಕ್ಷ್ಮ ಥಟ್ಟನೆ ಹೊಳೆದೀತು. ಗೇರುಹಣ್ಣು ಕೊಯ್ಲಿಗೆ ಬರುವುದು ಬೇಸಗೆಯಲ್ಲಿ, ಕೇಕು ಬೆಂದದ್ದು ಡಿಸೆಂಬರಿನಲ್ಲಿ. ಹಾಗಾಗಿ ಅದು ಮೊದಲೇ ಇಳಿಸಿ ಇಟ್ಟಿದ್ದ ದ್ರವವೇ ಆಗಿರಬೇಕು.

ಕ್ರಿಸ್ಮಸ್‌ಗೆ ಮೊದಲೇ ಕೇಕು ಸಿದ್ಧವಾಯಿತು. ಬ್ರೌನ್ ತಿಂದು ನೋಡಿ ಮೆಚ್ಚಿದ್ದಷ್ಟೇ ಅಲ್ಲ, ಇನ್ನೂ ಒಂದು ಡಜನ್ ಬೇಕು ಅಂತ ಹೇಳಿ ಹೋದ. ಬೇಕರಿಯವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇರೆ ಬೇಕಾ?

ಮೊದಲ ಕೇಕು ಎಂಬ ಬಿರುದು

ಭಾರತೀಯನೊಬ್ಬ ಮಾಡಿದ ಮೊದಲ ಕ್ರಿಸ್ಮಸ್ ಕೇಕು ಇದೇ ಎಂಬ ಮಾತು ಇಂದು ಕೇರಳದಾದ್ಯಂತ ಪ್ರಚಲಿತದಲ್ಲಿದೆ. ಪತ್ರಿಕೆಗಳೂ ಪ್ರತಿವರ್ಷ ಹಾಗೆಯೇ ಬರೆಯುತ್ತವೆ. ಕೊಂಚ ತಾಳ್ಮೆಯಿಂದ ನೋಡಬೇಕಾದ ಮಾತು ಇದು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಲ್ಲಿನ ಪಾವ್ ಮಾಡುವ ಪೊದೇರರ ಕಸುಬು ಬಾಪು ಅವರಿಗಿಂತ ಬಹಳ ಹಳೆಯದು. ಕಲ್ಕತ್ತೆಯಲ್ಲಿ ಡೇವಿಡ್ ವಿಲ್ಸನ್ ಎಂಬ ಇಂಗ್ಲಿಷ್ ಬೇಕರಿಯವನು 1840ರ ಸುಮಾರಿಗೆ ತೆರೆದ ಹೋಟೆಲೇ ಮುಂದೆ ಗ್ರೇಟ್ ಈಸ್ಟರ್ನ್ ಎಂದು ಹೆಸರಾಯಿತು. ಅಂಥ ಅಡುಗೆಮನೆಗಳಲ್ಲಿ ಹಿಟ್ಟು ಕಲಸಿದ ಕೈಗಳು ಯಾರದ್ದು? ಈ ದೇಶದವರದ್ದೂ ಇದ್ದಿರಬೇಕು. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ ಅಷ್ಟೆ.

ಇನ್ನೊಂದು ತಿದ್ದುಪಡಿ ಬ್ರೌನ್ ದೊರೆಯದ್ದು. ಆತನನ್ನು ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ ಎಂದು ಬರೆಯುವ ರೂಢಿ ಇದೆ. ಆದರೆ ಕಂಪೆನಿಯ ಆಡಳಿತ 1858ರಲ್ಲೇ ಮುಗಿದು, ಕಂಪೆನಿ 1874ರಲ್ಲಿ ಪೂರ್ತಿಯಾಗಿ ಇಲ್ಲವಾಗಿತ್ತು. ಅಂಜರಕಂಡಿ ತೋಟದೊಂದಿಗೆ ಮೊದಲು ಹೆಸರು ಕೇಳಿಬರುವ ಮರ್ಡಾಕ್ ಬ್ರೌನ್ 19ನೇ ಶತಮಾನದ ಮೊದಲ ಭಾಗದಲ್ಲೇ ತೀರಿಕೊಂಡವನು. 1883ರಲ್ಲಿ ಅಂಗಡಿಗೆ ಬಂದವನು ಆತನಾಗಿರಲು ಸಾಧ್ಯವಿಲ್ಲ. ಅದೇ ಮನೆತನದ ಮುಂದಿನ ತಲೆಮಾರಿನವನು ಎಂದುಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ.

ಹಾಗಂತ ಕತೆಯನ್ನು ತಳ್ಳಿಹಾಕಬೇಕಾಗಿಲ್ಲ. ಕಂಪೆನಿಯ ಕಡತದಲ್ಲಿ ಮೆಣಸಿನ ಲೆಕ್ಕ ಇರುತ್ತದೆ, ಹಡಗಿನ ಲೆಕ್ಕ ಇರುತ್ತದೆ. ಬೋರ್ಮದ ಮುಂದೆ ಬೆವರು ಸುರಿಸಿದವನ ಹೆಸರು ಇರುವುದಿಲ್ಲ. ಆ ಹೆಸರನ್ನು ಉಳಿಸಿಕೊಂಡು ಬರುವುದು ಮನೆಯವರ ಬಾಯಿಮಾತು. ತಮ್ಮ ಊರಿನ ಕತೆಯನ್ನು ಪಠ್ಯಪುಸ್ತಕಕ್ಕಿಂತ ಅಜ್ಜ ಅಜ್ಜಿಯರ ಬಾಯಿಂದಲೇ ಹೆಚ್ಚು ಕೇಳಿ ಬೆಳೆದ ಗಡಿನಾಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಪು ಮೊದಲಿಗರೋ ಅಲ್ಲವೋ, ತಿಂದು ನೋಡಿದ ಒಂದೇ ತುಂಡಿನ ಬಲದಿಂದ ಪರದೇಶದ ತಿಂಡಿಯೊಂದನ್ನು ಊರಿನ ತಿಂಡಿಯನ್ನಾಗಿ ಮಾಡಿದರು ಎಂಬುದೇ ಈ ಕತೆಯ ತೂಕ.

ಬೋರ್ಮದ ಲೆಕ್ಕ

ಬ್ರೆಡ್ ಸುಡುವ ಒಲೆಗೆ ಮಲಯಾಳದಲ್ಲಿ ಬೋರ್ಮ ಎನ್ನುತ್ತಾರೆ. ಪೋರ್ಚುಗೀಸರ ಮಾತಿನಿಂದ ಬಂದ ಪದ ಇದು. ಕೇರಳದ ಹಳೆಯ ಬೇಕರಿಗಳೆಲ್ಲ ನಡೆದದ್ದು ಕಟ್ಟಿಗೆಯ ಬೋರ್ಮಗಳಲ್ಲಿ. ಇಟ್ಟಿಗೆಯ ಕಮಾನು ಕಟ್ಟಿ ಒಳಗೆ ಸೌದೆ ಉರಿಸುತ್ತಾರೆ. ಗೋಡೆ, ನೆಲ ಎರಡೂ ಚೆನ್ನಾಗಿ ಕಾದ ಮೇಲೆ ಕೆಂಡವನ್ನು ಎಳೆದು ಹೊರಹಾಕಿ, ಇಟ್ಟಿಗೆ ಹೀರಿಕೊಂಡ ಶಾಖದಲ್ಲೇ ಬೇಯಿಸುವುದು ಕ್ರಮ. ಜೋರು ಶಾಖ ಇರುವಾಗ ಬ್ರೆಡ್ಡು, ಬನ್ನು. ಸ್ವಲ್ಪ ತಣಿದ ಮೇಲೆ ಬಿಸ್ಕಿಟ್ಟು, ಕೇಕು. ಎಲ್ಲ ಮುಗಿದು ಉಳಿದ ಬಿಸಿಯಲ್ಲಿ ರಸ್ಕು. ಒಮ್ಮೆ ಬೆಂದ ಬ್ರೆಡ್ಡನ್ನೇ ತುಂಡು ಮಾಡಿ ಗರಿಗರಿಯಾಗುವ ತನಕ ಒಣಗಿಸಿದರೆ ಅದೇ ರಸ್ಕು. ಒಂದು ಸಲ ಉರಿಸಿದ ಸೌದೆಯ ಬಿಸಿ ಒಂದಿಷ್ಟೂ ದಂಡವಾಗುವುದಿಲ್ಲ.

ಯೀಸ್ಟ್ ಪೊಟ್ಟಣದಲ್ಲಿ ಸಿಗದ ಕಾಲದಲ್ಲಿ ಹಿಟ್ಟು ಉಬ್ಬಿಸುವುದೂ ಒಂದು ಸಮಸ್ಯೆಯೇ ಆಗಿತ್ತು. ಗೋವೆಯ ಪೊದೇರರು ಹಿಟ್ಟಿಗೆ ತೆಂಗಿನ ಕಳ್ಳು ಹಾಕಿ ಉಬ್ಬಿಸಿದರು. ಬಾಪು ಸಹ ಕಳ್ಳನ್ನೇ ನಂಬಿದ್ದರು ಎಂದು ಹೇಳಲಾಗುತ್ತದೆ. ನಮ್ಮ ಮನೆಗಳಲ್ಲಿ ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬಂದು ಉಬ್ಬುವ ಹಾಗೆಯೇ ಇದೂ. ಕಣ್ಣಿಗೆ ಕಾಣದ ಜೀವಾಣುಗಳ ಕೆಲಸ.

ಪ್ಲಮ್ ಕೇಕಿಗೆ ಆ ಹೆಸರು ಯಾಕೆ ಎಂಬ ಪ್ರಶ್ನೆಯೂ ಹಲವರಿಗಿದೆ. ಅದರಲ್ಲಿ ಪ್ಲಮ್ ಹಣ್ಣು ಇರಬೇಕೆಂದೇನೂ ಇಲ್ಲ. ಇಂಗ್ಲಿಷಿನಲ್ಲಿ ಹಿಂದೆ ಒಣದ್ರಾಕ್ಷಿಗೂ ಪ್ಲಮ್ ಎನ್ನುತ್ತಿದ್ದರು. ಅದೇ ಹೆಸರು ಉಳಿದುಬಂತು. ದ್ರಾಕ್ಷಿ ಮೊದಲಾದ ಒಣಹಣ್ಣುಗಳನ್ನು ಮದ್ಯದಲ್ಲೋ ಹಣ್ಣಿನ ರಸದಲ್ಲೋ ದಿನಗಟ್ಟಲೆ ನೆನೆಹಾಕುತ್ತಾರೆ. ಸಕ್ಕರೆಯನ್ನು ಕಪ್ಪಾಗುವ ತನಕ ಕಾಯಿಸಿ, ನೀರು ಬೆರೆಸಿ ಹಿಟ್ಟಿಗೆ ಸೇರಿಸುತ್ತಾರೆ. ಕೇಕಿಗೆ ಆ ಗಾಢ ಕಂದು ಬಣ್ಣ ಬರುವುದು ಅದರಿಂದಲೇ. ಸಕ್ಕರೆ, ಮದ್ಯ, ಒಣಹಣ್ಣು ಸೇರಿದ್ದರಿಂದ ಈ ಕೇಕು ಬೇಗ ಹಾಳಾಗದು. ನಾಲ್ಕು ದಿನ ಇಟ್ಟರೆ ರುಚಿ ಇನ್ನೂ ಏರುತ್ತದೆ. ಮೊಟ್ಟೆ ಬಳಸದ ಮನೆಯವರು ಮಾತ್ರ ಯಾವ ಬೇಕರಿಯಲ್ಲಾದರೂ ಮೊದಲೇ ಕೇಳಿ ಕೊಂಡುಕೊಳ್ಳುವುದು ಒಳ್ಳೆಯದು.

ಮನೆ ಒಂದೇ, ಹೆಸರು ಹಲವು

ಬಾಪು ಅವರ ನಂತರ ಕಸುಬನ್ನು ಬೆಳೆಸಿದವರು ಅವರ ಸೋದರಳಿಯ ಗೋಪಾಲ್ ಮಂಬಳ್ಳಿ. ಮಾವನ ಕಸುಬು ಅಳಿಯನಿಗೆ ಬಂದದ್ದು ತುಳುನಾಡಿನ ಓದುಗರಿಗೆ ಹೊಸದಾಗಿ ಕಾಣಲಾರದು. ಇಲ್ಲಿ ಅಳಿಯಸಂತಾನ ಇದ್ದ ಹಾಗೆ ಉತ್ತರ ಮಲಬಾರಿನಲ್ಲಿ ಮರುಮಕ್ಕತ್ತಾಯ ಇತ್ತು.

ಮುಂದಿನ ತಲೆಮಾರಿನವರು ಕೇರಳದ ಬೇರೆ ಬೇರೆ ಪೇಟೆಗಳಿಗೆ ಹೋಗಿ ಬೇಕರಿ ತೆರೆದರು. ಕಣ್ಣೂರಿನ ಬ್ರೌನ್ಸ್, ಕೋಝಿಕ್ಕೋಡಿನ ಮಾಡರ್ನ್, ಎರ್ನಾಕುಳಂನ ಕೊಚ್ಚಿನ್ ಬೇಕರಿ, ಕೋಟ್ಟಯಂನ ಬೆಸ್ಟ್, ತಿರುವನಂತಪುರದ ಶಾಂತಾ ಬೇಕರಿ ಎಲ್ಲ ಇದೇ ಮನೆತನದ ಕವಲುಗಳು. ವಿಶೇಷ ಏನೆಂದರೆ ಒಂದೊಂದಕ್ಕೂ ಒಂದೊಂದು ಹೆಸರು. ಈಗಿನ ಕಾಲವಾಗಿದ್ದರೆ ಒಂದೇ ಹೆಸರು, ಒಂದೇ ಬೋರ್ಡು, ಒಂದೇ ಬಣ್ಣದ ಪೆಟ್ಟಿಗೆ ಮಾಡಿ ಊರೂರಿಗೆ ಹಂಚುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಹೋದ ಹೋದ ಊರಿನಲ್ಲಿ ಆ ಊರಿನ ಅಂಗಡಿಯಾಗಿ ಬೇರು ಬಿಟ್ಟರು. ಕಣ್ಣೂರಿನ ಗಿರಾಕಿಗೆ ಅದು ಕಣ್ಣೂರಿನ ಬೇಕರಿ, ಕೋಟ್ಟಯಂನವರಿಗೆ ಅದು ಕೋಟ್ಟಯಂನದ್ದೇ.

ತಲಶ್ಶೇರಿಗೆ ಮೂರು ಹೆಮ್ಮೆಗಳು ಅಂತ ಊರವರು ಹೇಳಿಕೊಳ್ಳುವುದುಂಟು: ಕೇಕು, ಕ್ರಿಕೆಟು, ಸರ್ಕಸ್ಸು. ಭಾರತೀಯ ಸರ್ಕಸ್ಸಿನ ಗುರು ಎನಿಸಿದ ಕೀಲೇರಿ ಕುಂಞಿಕಣ್ಣನ್ ಇದೇ ಊರಿನವರು. ಕ್ರಿಕೆಟ್ ಬಂದದ್ದು ಕೋಟೆಯ ಬ್ರಿಟಿಷರಿಂದ. ಈ ಎರಡನೆಯ ಹೆಮ್ಮೆಯಲ್ಲೂ ಮಂಬಳ್ಳಿ ಮನೆತನಕ್ಕೆ ಪಾಲಿದೆ. ರಣಜಿ ಆಡಿದ ಪಿ.ಎಂ. ರಾಘವನ್ ಇದೇ ಕುಟುಂಬದವರು.

ಮಂಗಳೂರಿನ ನಂಟು

ಕೇಕಿಗಾಗಿ ತಲಶ್ಶೇರಿಗೆ ಹೋದವರು ಪೊಟ್ಟಣ ಕಟ್ಟಿಸಿಕೊಂಡು ಕೂಡಲೇ ರೈಲು ಹತ್ತುವುದು ಬೇಡ. ಕಡಲ ಬದಿಯಲ್ಲಿ ಕೆಂಪು ಮುರಕಲ್ಲಿನ ಕೋಟೆ ಇದೆ. ಸಮುದ್ರದೊಳಕ್ಕೆ ಚಾಚಿಕೊಂಡ ಹಳೆಯ ಕಡಲ ಸೇತುವೆ ಬಂದರಿನ ಗತಕಾಲವನ್ನು ನೆನಪಿಸುತ್ತದೆ. ಅದು ಶಿಥಿಲವಾಗಿರುವುದರಿಂದ ದೂರದಿಂದ ನೋಡುವುದೇ ಕ್ಷೇಮ. ಕೇಯಿ ಮನೆತನದವರು ಕಟ್ಟಿಸಿದ ಓಡತ್ತಿಲ್ ಮಸೀದಿಯ ಮರದ ಕೆಲಸ ನೋಡುವಂಥದ್ದು.

ಪೇಟೆಯಲ್ಲಿ ಹೆರ್ಮನ್ ಗುಂಡರ್ಟರ ಪ್ರತಿಮೆ ಕಂಡರೆ ಕನ್ನಡಿಗರು ಒಂದು ಗಳಿಗೆ ನಿಲ್ಲಬೇಕು. ಬಾಸೆಲ್ ಮಿಷನ್ನಿನ ಈ ಜರ್ಮನ್ ಪಾದ್ರಿ 1839ರಲ್ಲಿ ತಲಶ್ಶೇರಿಗೆ ಬಂದು ಇಲ್ಲಿಕ್ಕುನ್ನಿನಲ್ಲಿ ನೆಲೆಸಿದವರು. ಮಲಯಾಳದ ಮೊದಲ ಪತ್ರಿಕೆ ‘ರಾಜ್ಯ ಸಮಾಚಾರಂ’ 1847ರಲ್ಲಿ ಹೊರಟದ್ದು ಇಲ್ಲಿಂದ. ಅದಕ್ಕೆ ನಾಲ್ಕು ವರ್ಷ ಮೊದಲು, 1843ರಲ್ಲಿ, ಅದೇ ಮಿಷನ್ನಿನ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದಿದ್ದರು. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಅಚ್ಚಾದದ್ದೂ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ. ಅಕ್ಷರದ ಮಟ್ಟಿಗೆ ಮಂಗಳೂರು ಮತ್ತು ತಲಶ್ಶೇರಿ ಅಂದೇ ನೆಂಟರು.

ಆಗ ಕಾಸರಗೋಡು ಮಂಗಳೂರಿನ ಕಡೆಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ತಲಶ್ಶೇರಿ ಮಲಬಾರ್ ಜಿಲ್ಲೆಯಲ್ಲಿತ್ತು. 1907ರಲ್ಲಿ ಮಂಗಳೂರಿನ ತನಕ ರೈಲು ಹಳಿ ಬಂದಾಗ ಈ ಊರುಗಳೆಲ್ಲ ಒಂದೇ ದಾರದಲ್ಲಿ ಪೋಣಿಸಿದಂತಾದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಆ ನೋವು ಬೇರೆ. ಆದರೆ ಹಳಿಯ ಮೇಲೆ ಜನರ ಓಡಾಟ, ಸಾಮಾನಿನ ಓಡಾಟ, ರುಚಿಯ ಓಡಾಟ ನಿಲ್ಲಲಿಲ್ಲ.

ಉಳಿಯಬೇಕಾದದ್ದು ಯಾವುದು?

ಇಂದು ಕಾರ್ಖಾನೆಯ ಬ್ರೆಡ್ಡು ಹಳ್ಳಿಯ ಗೂಡಂಗಡಿಗೂ ಬರುತ್ತದೆ. ಕೇಕು ಬೇಕೆಂದರೆ ಮೊಬೈಲಿನಲ್ಲಿ ಹೇಳಿದರೆ ಸಾಕು, ಮನೆ ಬಾಗಿಲಿಗೇ ತಲುಪುತ್ತದೆ. ಕಟ್ಟಿಗೆಯ ಬೋರ್ಮದ ಜಾಗಕ್ಕೆ ಕರೆಂಟಿನ ಒವೆನ್ನು, ಗ್ಯಾಸಿನ ಒವೆನ್ನು ಬಂದಿವೆ. ಅದರಲ್ಲಿ ತಪ್ಪೇನೂ ಇಲ್ಲ. ಹೊಗೆ ಕುಡಿದು, ಬೆಂಕಿಯ ಮುಂದೆ ರಾತ್ರಿಯಿಡೀ ನಿದ್ದೆಗೆಟ್ಟ ಕೆಲಸಗಾರನಿಗೆ ತುಸು ಸುಖ ಸಿಕ್ಕಿದರೆ ಯಾರೂ ಬೇಡ ಅನ್ನಬಾರದು. ಬಾಪು ಅವರೇ ಬ್ರಾಂಡಿ ಬಿಟ್ಟು ಕೈಗೆ ಸಿಕ್ಕ ಊರಿನ ಪದಾರ್ಥ ಹಾಕಿದವರು. ಬದಲಾವಣೆಗೆ ಹೆದರಿದ ಕಸುಬಲ್ಲ ಇದು.

ಆತಂಕ ಇರುವುದು ಬೇರೆ ಕಡೆ. ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿ ಹದ ಹೇಳುವ ಕೈ, ಬೋರ್ಮದ ಬಾಯಿಯ ಹತ್ತಿರ ಅಂಗೈ ಹಿಡಿದು ಶಾಖ ಅಳೆಯುವ ಅನುಭವ ಯಾವ ಪುಸ್ತಕದಲ್ಲೂ ಇಲ್ಲ. ಜತೆಗೆ ನಿಂತು ಕಲಿತರೆ ಮಾತ್ರ ಅದು ಮುಂದಿನವರಿಗೆ ಬರುತ್ತದೆ. ಕಲಿಯುವ ಮಕ್ಕಳು ಬೇರೆ ದಾರಿ ಹಿಡಿದರೆ ಆ ಅನುಭವ ಅಲ್ಲಿಗೇ ನಿಲ್ಲುತ್ತದೆ. ಮಕ್ಕಳು ಓದಿ ಮುಂದೆ ಹೋಗಬೇಡಿ ಅಂತ ಹೇಳಲೂ ಆಗುವುದಿಲ್ಲ. ಮಂಬಳ್ಳಿ ಕುಟುಂಬದಲ್ಲಿ ತಲೆಮಾರುಗಳ ಕಾಲ ಈ ಕಸುಬು ಉಳಿದದ್ದಕ್ಕೆ ಕಾರಣ ಸರಳ: ಕಸುಬು ಮಾಡಿದವರಿಗೆ ಅದರಿಂದ ಅನ್ನವೂ ಹುಟ್ಟಿತು, ಮರ್ಯಾದೆಯೂ ಸಿಕ್ಕಿತು. ಎರಡರಲ್ಲಿ ಒಂದು ತಪ್ಪಿದರೂ ಯಾವ ಕಸುಬೂ ನಿಲ್ಲುವುದಿಲ್ಲ.

ಅನ್ನ ಮತ್ತು ಮರ್ಯಾದೆ ಎರಡನ್ನೂ ಕೊಡುವವರು ಗಿರಾಕಿಗಳೇ. ತಲಶ್ಶೇರಿಗೆ ಹೋಗಿ ಬರುವಾಗ ಒಂದು ಪ್ಲಮ್ ಕೇಕು, ಎರಡು ಪೊಟ್ಟಣ ರಸ್ಕು ತರುವುದು ಒಳ್ಳೆಯದೇ. ಅದಕ್ಕಿಂತ ಹತ್ತಿರದಲ್ಲಿ, ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಮನೆಯವರೇ ದುಡಿದು ನಡೆಸುವ ಒಂದು ಸಣ್ಣ ಬೇಕರಿ ಇದ್ದರೆ, ಮುಂದಿನ ಸಲ ಬ್ರೆಡ್ಡು ಅಲ್ಲಿಂದಲೇ ತರಬಹುದು. ಅಲ್ಲಿ ಹಿಟ್ಟು ಕಲಸುವವನ ಹೆಸರೇನು, ಆತ ಯಾರಿಂದ ಕಲಿತ ಅಂತ ಒಮ್ಮೆ ಕೇಳಿ ತಿಳಿದುಕೊಂಡರೂ ನಷ್ಟವಿಲ್ಲ. ಬಾಪು ಅವರ ಹೆಸರು ಉಳಿದದ್ದು ಹಾಗೆ ಕೇಳಿದವರು, ಹೇಳಿದವರು ಇದ್ದದ್ದರಿಂದ.